ಅಲ್ಲಾಡದ ನೀಲಿ ಚುಕ್ಕಿ

ನೀಲಿ ಚುಕ್ಕಿ ಅಲ್ಲಾಡುತ್ತಿರಲಿಲ್ಲ. ಮಗುವಿನ ಬಾಯಿಗೆ ತುತ್ತಿಡುತ್ತ ಅವಳು ಮತ್ತೆ ಫೋನ್ ನೋಡಿದಳು. ಹೊಳೆ ಸಮುದ್ರ ಸೇರುವ ಕಡೆ, ನಟ್ಟನಡು ನೀರಲ್ಲಿ, ಅದು ಮೊಳೆ ಹೊಡೆದ ಹಾಗೆ ನಿಂತಿತ್ತು. ಚುಕ್ಕಿ ಅಂದರೆ ಗಂಡ, ಗಂಡನ ದೋಣಿ, ದೋಣಿ ತುಂಬ ಆಚೆ ದಡದ ಅಂಗಡಿಗಳಿಗೆ ಹೊರಟ ಸಿಮೆಂಟು ಚೀಲ.

ಅವನಿಗೆ ಮಾತು ಕಡಿಮೆ, ಹಟ ಜಾಸ್ತಿ. ಫೋನಿನಲ್ಲಿ ದಾರಿ ನೋಡುವ ದೋಣಿಯವರನ್ನು ಕಂಡರೆ, "ನೀರಲ್ಲಿ ಹೋಗೋದಕ್ಕೂ ಟ್ಯೂಷನ್ನಾ?" ಎಂದು ನಗುತ್ತಿದ್ದ. ಒಂದು ಬೆಳಿಗ್ಗೆ ಮಂಜಿನಲ್ಲಿ ದಾರಿ ತಪ್ಪಿ, ತನ್ನ ಜೆಟ್ಟಿ ಅಂದುಕೊಂಡು ಪಕ್ಕದೂರಿನ ಜೆಟ್ಟಿಗೆ ದೋಣಿ ಕಟ್ಟಿ ಬಂದ ಮೇಲೆ ಆ ನಗು ನಿಂತಿತು. ಈಗ ಚುಕ್ಕಾಣಿಯ ಪಕ್ಕ ಪ್ಲಾಸ್ಟಿಕ್ ಚೀಲದೊಳಗೆ ಫೋನ್ ತೂಗುಹಾಕಿ, ಅದು ತೋರಿಸಿದ ಗೆರೆ ಬಿಟ್ಟು ಒಂದಿಷ್ಟೂ ಕದಲುವುದಿಲ್ಲ.

ಕಷ್ಟ ಇರುವುದೇ ಅಲ್ಲಿ. ಕರೆ ಬಂದರೆ ನಕ್ಷೆ ಮುಚ್ಚಿಹೋಗುತ್ತದೆ. ಹೋದ ತಿಂಗಳು ಮಗುವಿನ ಜ್ವರದ ಸುದ್ದಿ ಹೇಳಲು ಅವಳು ಕರೆ ಮಾಡಿದಾಗ ದೋಣಿ ಬಂಡೆಗೆ ಸವರಿಕೊಂಡಿತ್ತು. "ನೀರಲ್ಲಿರೋವಾಗ ಫೋನ್ ಮಾಡ್ಬೇಡ, ನಿನಗೆ ಕೈ ಮುಗೀತೀನಿ" ಎಂದಿದ್ದ. ತಾನು ಎಲ್ಲಿದ್ದೇನೆಂದು ಅವಳ ಫೋನಿನಲ್ಲಿ ಚುಕ್ಕಿಯಾಗಿ ಕಾಣುವಂತೆ ಮಾಡಿಕೊಟ್ಟಿದ್ದೂ ಅದಕ್ಕೇ.

"ನೀನು ದಿಟ್ಟಿಸಿದ್ರೆ ದೋಣಿ ಓಡುತ್ತಾ?" ಅತ್ತೆ ಕೇಳಿದರು. "ನಿನ್ನ ಮಾವನ್ನ ನೀರಿಗೆ ಕಳಿಸಿ ನಾನು ಹೊದ್ಕೊಂಡು ಮಲಗ್ತಿದ್ದೆ."

"ಆಗ ಚುಕ್ಕಿ ಇರ್ಲಿಲ್ವಲ್ಲ, ಅತ್ತೆ."

"ಸದ್ಯ."

ಅವಳು ಕಿಟಕಿಗೆ ಹೋದಳು, ಬಂದಳು, ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಇಂಜಿನ್ ಕೆಟ್ಟಿತೇ? ದೋಣಿ ಒಡೆಯಿತೇ? ದೋಣಿ ಮುಳುಗಿ ಫೋನ್ ಮಾತ್ರ ಚೀಲದೊಳಗೆ ತೇಲುತ್ತಿದ್ದರೆ? ಛೀ, ಎಂಥ ಯೋಚನೆ. ಕೊನೆಗೆ ಅತ್ತೆಯೇ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಇನ್ನೂ ಅಲ್ಲೇನಾ?"

ಅತ್ತೆಯ ದನಿ ಕೇಳಿ ಅವಳು ಫೋನ್ ಕೈಗೆತ್ತಿಕೊಂಡಳು. ಆಗಲೇ ತಲೆಗೆ ಹೊಳೆದದ್ದು: ಮುಂದೆ ಹೋಗದ ದೋಣಿಗೆ ದಾರಿ ತೋರಿಸುವ ನಕ್ಷೆ ಯಾತಕ್ಕೆ? ಮುಚ್ಚಿದರೆ ಮುಚ್ಚಲಿ. ಕರೆ ಒತ್ತಿದಳು.

ರಿಂಗಾಯಿತು. ಮತ್ತೆ ರಿಂಗಾಯಿತು.

"ಹೇಳು," ಎಂದ ಅವನು, ಜಗಲಿಯಲ್ಲಿ ಕೂತವನ ಹಾಗೆ. "ದೋಣಿ ಮರಳ ದಿಬ್ಬಕ್ಕೆ ಹತ್ತಿ ಕೂತಿದೆ. ಏನೂ ಆಗಿಲ್ಲ. ನೀರು ಏರಿದ್ರೆ ತಾನೇ ಬಿಡುತ್ತೆ. ಗೆರೆ ಮೇಲೇ ಬಂದೆ, ಮರಳು ಜಾಗ ಬದಲಾಯಿಸಿದ್ದು ಫೋನಿಗೆ ಗೊತ್ತಿಲ್ಲ."

"ಒಂದು ಫೋನ್ ಮಾಡೋಕೆ ಆಗ್ಲಿಲ್ವಾ ನಿಮಗೆ?"

"ನೀನು ಗಾಬರಿ ಆಗ್ತೀಯ ಅಂತ ಮಾಡ್ಲಿಲ್ಲ."

ಅವಳು ಕಿವಿಯಿಂದ ಫೋನ್ ತೆಗೆಯಲಿಲ್ಲ. "ನೀರು ಏರೋವರೆಗೆ ಮಾತಾಡ್ತಾ ಇರಿ," ಎಂದಳು.