ಒಂದೇ ಸಲ ಕರೆದರೆ

ನಮ್ಮ ಅಜ್ಜಿ ಯಾರು ಕರೆದರೂ ಮೊದಲ ಸಲಕ್ಕೆ ಓಗೊಡುತ್ತಿರಲಿಲ್ಲ. ಗಾಳಿ ಪೀಡೆಗಳಿಗೆ ಒಂದು ಸಲ ಕರೆಯಲು ಮಾತ್ರ ಬರುತ್ತದೆ, ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ ಎಂಬುದು ಅವರ ಲೆಕ್ಕ. ಹಾಲಿನವನೂ ಪೋಸ್ಟಿನವನೂ ನಮ್ಮ ಬಾಗಿಲಲ್ಲಿ ನಿಂತು ಗಂಟಲು ಹರಿದುಕೊಳ್ಳಬೇಕಾಗಿತ್ತು. ಮುಂದೆ ನಾನು ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆದೆ. ಅಷ್ಟು ಸಾಲದೆಂದು ದೆವ್ವಗಳನ್ನು ತನಿಖೆ ಮಾಡುವ ಸಣ್ಣ ಗುಂಪೊಂದನ್ನು ಸೇರಿದೆ. ಅಲ್ಲಿ ನಾನು ಮಾಡಿದ ಮೊದಲ ಕಾನೂನೇ, ಕರೆದ ತಕ್ಷಣ 'ಓ' ಅನ್ನಬೇಕು ಎಂಬುದು.

ಅವು ಎಪ್ಪತ್ತರ ದಶಕದ ಮೊದಲ ವರ್ಷಗಳು. ಮಾಟ, ಪವಾಡ, ದೆವ್ವ ಎಂದು ಎಲ್ಲಿಂದ ಸುದ್ದಿ ಬಂದರೂ ಹೋಗಿ ನಿಜವೇನೆಂದು ನೋಡಿಬರುವುದು ನಮ್ಮ ಗುಂಪಿನ ಕೆಲಸ. ಹೊಸದಾಗಿ ಸೇರಿದವರನ್ನು ಪಳಗಿಸುವ ಹೊಣೆ ನನ್ನ ತಲೆಗೆ ಬಿತ್ತು. ಬಾಯಿ ಜೋರು ಎಂಬುದೊಂದೇ ನನ್ನ ಅರ್ಹತೆ. ಕೆಂಗೇರಿಯಲ್ಲಿ ಬಸ್ಸಿಳಿದು ಹೊಲದ ಬದುಗಳ ಮೇಲೆ ಬಹಳ ಹೊತ್ತು ನಡೆದರೆ ಯಾವುದೋ ಪಾಳೆಯಗಾರನ ಹಾಳು ಕೋಟೆ ಸಿಗುತ್ತಿತ್ತು. ಅದೇ ನಮ್ಮ ಪಾಠಶಾಲೆ.

ಹೋಗುತ್ತಿದ್ದುದು ಭಾನುವಾರ ನಡುಮಧ್ಯಾಹ್ನ. ದೆವ್ವಕ್ಕೆ ರಾತ್ರಿಯೇ ಆಗಬೇಕು ಎನ್ನುವವರು ಹಳೆಯ ಹೆಂಗಸರನ್ನು ಕೇಳಿ ನೋಡಲಿ, ಅವರು ಮಟಮಟ ಮಧ್ಯಾಹ್ನಕ್ಕೇ ಹೆಚ್ಚು ಹೆದರುತ್ತಾರೆ. ಯಾಕೆಂದು ಆ ಕೋಟೆಯಲ್ಲಿ ನಿಂತರೆ ಗೊತ್ತಾಗುತ್ತಿತ್ತು. ನೆರಳು ಕಾಲಡಿ ಸೇರಿಕೊಂಡು ಇಲ್ಲವಾಗುತ್ತಿತ್ತು. ಹಕ್ಕಿಗಳು ಬಾಯಿ ಮುಚ್ಚುತ್ತಿದ್ದವು. ಕಣ್ಣು ಹಾಯಿಸಿದಷ್ಟು ದೂರ ನರಪಿಳ್ಳೆ ಇಲ್ಲ, ಆದರೂ ಬೆನ್ನ ಹಿಂದೆ ಯಾರೋ ಕೂತಿದ್ದಾರೆ ಅನ್ನಿಸುತ್ತಿತ್ತು. ನನಗೂ ಅನ್ನಿಸುತ್ತಿತ್ತು, ಶಿಷ್ಯರ ಮುಂದೆ ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೆ.

ಆ ಸಲ ಬಂದವರು ಇಬ್ಬರು. ಒಬ್ಬ ಬ್ಯಾಂಕಿನ ಗುಮಾಸ್ತ, ಮೀಸೆ ಈಗಷ್ಟೇ ದಪ್ಪಗಾಗುತ್ತಿದ್ದ ಹುಡುಗ. ಇನ್ನೊಬ್ಬಳು ಬಿನ್ನಿಪೇಟೆಯ ಹುಡುಗಿ, ಆಫೀಸೊಂದರಲ್ಲಿ ಟೈಪಿಸ್ಟ್. ಇಬ್ಬರೂ ನನ್ನನ್ನು ಅಕ್ಕ ಎನ್ನುತ್ತಿದ್ದರು. "ಏನು ಕೇಳಿಸ್ತು, ಏನು ಕಾಣಿಸ್ತು ಅಂತ ಮಾತ್ರ ಕೇಳಿ. ಯಾರು ಅಂತ ಕೇಳ್ಬೇಡಿ. ಯಾರು ಅಂದ ತಕ್ಷಣ ಜನ ಸತ್ತೋರ ಹೆಸರು ಹೇಳ್ತಾರೆ," ಎಂದು ಪಾಠ ಶುರುಮಾಡಿದೆ.

ಹೊಸಬರು ಬರುವ ಮುಂಚೆ ನಾನು ಅಲ್ಲಲ್ಲಿ ಚಿಲ್ಲರೆ ಮೋಸಗಳನ್ನು ಒಡ್ಡಿರುತ್ತಿದ್ದೆ. ಮೆಟ್ಟಿಲ ಮೇಲೆ ಕೆಂಪಗೆ ಹರಿದದ್ದನ್ನು ಕಂಡು ಗುಮಾಸ್ತ "ರಕ್ತ!" ಎಂದು ಹಾರಿದ. ಟೈಪಿಸ್ಟ್ ಬಗ್ಗಿ ಮೂಸಿದಳು.

"ಅರಿಶಿನಕ್ಕೆ ಸುಣ್ಣ ಅಕ್ಕ. ಆರತಿ ನೀರು. ನಮ್ಮನೇಲಿ ದಿನಾ ಮಾಡ್ತಾರೆ."

"ದಿನಾ ಯಾಕೆ? ದಿನಾ ಯಾರಿಗೆ ದೃಷ್ಟಿ ಆಗತ್ತೆ?"

ಅವಳು ಎದ್ದು ಬುರುಜಿನ ಕಡೆ ಹೋದಳು. ಅಲ್ಲಿ ಕೋಟೆಯ ಗೋಡೆ ಒಳಮುಖವಾಗಿ ಕುಡುಗೋಲಿನ ಹಾಗೆ ಬಾಗಿತ್ತು. ನಡುವೆ ಕುಸಿದ ಮಣ್ಣಿನ ದಿಬ್ಬ, ಅದರ ತುಂಬ ಮುಳ್ಳುಪೊದೆ. ಈ ತುದಿಯಲ್ಲಿ ನಿಂತವರಿಗೆ ಆ ತುದಿ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕರೆದೆ. ಉತ್ತರವಿಲ್ಲ. ಇನ್ನೊಮ್ಮೆ ಕರೆದೆ. ಹಾಳು ಬಾವಿಗಳಿದ್ದ ಜಾಗ ಅದು. ಮುಳ್ಳಲ್ಲಿ ಸೀರೆ ಹರಿದುಕೊಂಡು ಓಡಿದರೆ ಮಹಾರಾಯತಿ ಗೋಡೆಗೆ ಕಿವಿಗೊಟ್ಟು ನಿಂತಿದ್ದಾಳೆ.

"ಕಿವಿ ಕೇಳ್ಸಲ್ವೇನೇ ನಿಂಗೆ?"

"ಎರಡು ಸಲ ಕರ್ದ್ರಿ ಅಕ್ಕ. ಮೂರನೇದಕ್ಕೆ ಕಾಯ್ತಿದ್ದೆ."

ನಾನು ಕೂಗಾಡಿದೆ. ಇಷ್ಟು ಓದಿಯೂ ಅಜ್ಜಿಕತೆ ನಂಬುವವಳು ಇಲ್ಲಿಗೇಕೆ ಬಂದೆ ಎಂದೆ. ಅವಳು ತಲೆ ತಗ್ಗಿಸಿ ಎಲ್ಲ ಹೇಳಿದಳು.

ಅವಳಿಗೊಬ್ಬಳು ಹನ್ನೊಂದರ ತಂಗಿ. ಅವರಿಬ್ಬರ ಬೆನ್ನಿಗೆ ಹುಟ್ಟಿದ ಪುಟ್ಟ ತಮ್ಮ ಹೋದ ಶ್ರಾವಣದಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಸಂಕ್ರಾಂತಿಗೆ ತಂಗಿ ಈ ಪಕ್ಕದ ಊರಿನ ಅತ್ತೆಯ ಮನೆಗೆ ಬಂದವಳು ಎಲಚಿ ಹಣ್ಣು ಆರಿಸುತ್ತ ಈ ಗೋಡೆಯ ಹತ್ತಿರ ಒಬ್ಬಳೇ ನಿಂತಿದ್ದಾಗ, ಕಿವಿಯ ಪಕ್ಕದಲ್ಲೇ "ಅಕ್ಕಾ" ಎಂದು ಕೇಳಿಸಿತು. ಅವಳು "ಓ" ಅಂದಳು. ಅಷ್ಟನ್ನು ಮನೆಗೆ ಬಂದು ಹೇಳಿದ್ದೇ ಕೊನೆ, ಆಮೇಲೆ ಮಾತೇ ಇಲ್ಲ.

"ಓಗೊಟ್ಟಿದ್ದಕ್ಕೆ ದನಿ ತಗೊಂಡು ಹೋಗಿದೆ ಅಂತಾರೆ ಅಕ್ಕ. ಯುಗಾದಿ ಅಮಾವಾಸ್ಯೆಗೆ ಮಾಗಡಿ ರೋಡಾಚೆ ಮಂತ್ರವಾದಿ ಹತ್ರ ಕರ್ಕೊಂಡು ಹೋಗ್ತಾರೆ. ಹುಣಿಸೆ ಬರಲಲ್ಲಿ ಹೊಡ್ದು ಬಿಡಿಸ್ತಾನಂತೆ. ನಮ್ಮ ಬೀದಿ ಹುಡುಗಿಗೂ ಹಂಗೇ ಬಿಡಿಸ್ದ. ಅವಳ ಕೈ ಇವತ್ತಿಗೂ ನೆಟ್ಟಗಿಲ್ಲ. ಕೋಟೇಲಿ ಏನಿದೆ ಅಂತ ಕಣ್ಣಾರೆ ತೋರ್ಸು, ಬಿಡ್ತೀನಿ ಅಂದಿದಾರೆ ಅಪ್ಪ."

ನನ್ನ ಸಿಟ್ಟು ಸರ್ರನೆ ಇಳಿಯಿತು. ಅಲ್ಲಿಯವರೆಗೂ ದೆವ್ವದ ತನಿಖೆ ನನಗೆ ಒಂದು ರೀತಿಯ ಆಟವಾಗಿತ್ತು. ಶಿವರಾತ್ರಿ ಆಗಲೇ ಮುಗಿದಿತ್ತು, ಅಮಾವಾಸ್ಯೆಗೆ ಹೆಚ್ಚು ದಿನವಿರಲಿಲ್ಲ.

ಗುಟ್ಟು ಸಿಕ್ಕಿದ್ದು ಪುಳಿಯೋಗರೆಯಿಂದ. ಊಟವಾದ ಮೇಲೆ ನಾನು ಗೋಡೆಯ ಈ ತುದಿಯಲ್ಲಿ ಕೂತು ಖಾಲಿ ಡಬ್ಬಿ ನೋಡುತ್ತ, "ಎಲ್ಲಾ ಬಳ್ಕೊಂಡು ತಿಂದಿದಾನೆ ತಿಂಡಿಪೋತ," ಎಂದು ನನ್ನಷ್ಟಕ್ಕೆ ಗೊಣಗಿದೆ. ಆ ತುದಿಯಿಂದ ಗುಮಾಸ್ತ ಓಡಿಬಂದ.

"ಅಕ್ಕ, ತಿಂಡಿಪೋತ ಅಂದ್ರಾ? ನನ್ನ ಕಿವೀಲೇ ಹೇಳ್ದಂಗಾಯ್ತು!"

ಬಾಗಿದ ಗೋಡೆಯನ್ನು ಹಿಡಿದು ದನಿ ತೆವಳುತ್ತದೆ. ಒಂದು ತುದಿಯಲ್ಲಿ ಆಡಿದ್ದು ಸೋರಿಹೋಗದೆ ಇನ್ನೊಂದು ತುದಿಯ ಕಿವಿ ಮುಟ್ಟುತ್ತದೆ. ನಾವು ಮೂವರೂ ಮಕ್ಕಳ ಹಾಗೆ ಅತ್ತಿಂದಿತ್ತ ಓಡಾಡಿ ಪಿಸುಗುಟ್ಟಿದೆವು. ಆ ತುದಿಯಲ್ಲಿ ಗೋಡೆ ಬಿರುಕು ಬಿಟ್ಟು ಆಚೆಯ ಕಟ್ಟೆಗೆ ಕಾಲುದಾರಿ ಇತ್ತು. ಅಲ್ಲಿ ನೀರು ಕುಡಿಸಲು ಬಂದ ದನ ಕಾಯುವ ಹುಡುಗರು ಕೂಗಿರಬೇಕು. ಅಕ್ಕಾ ಎಂದರೆ ಅರ್ಧ ಮಾರ್ಕೆಟ್ಟೇ ತಿರುಗುತ್ತದೆ, ಇವಳ ತಂಗಿ ತಿರುಗಿದ್ದರಲ್ಲಿ ಆಶ್ಚರ್ಯವೇನು? ಸಮಾಧಾನದಿಂದ ಹಿಂತಿರುಗುವಾಗ ದಾರಿಯಲ್ಲಿ ಸಿಕ್ಕ ಒಬ್ಬ ದನಗಾಹಿಯನ್ನು ಕೇಳಿದೆ. ಅವನು ತಲೆಯಾಡಿಸಿದ.

"ಮಧ್ಯಾಹ್ನದೊತ್ತು ಆ ಕಡೆ ಯಾರೂ ಹಾಯಾಕಿಲ್ಲ ಕಣವ್ವ."

ಅಂದರೆ, ದನಿ ಹೇಗೆ ಬಂತೆಂದು ಗೊತ್ತಾಯಿತು. ಯಾರದೆಂದು ಗೊತ್ತಾಗಲಿಲ್ಲ.

ಮುಂದಿನ ಭಾನುವಾರ ಟೈಪಿಸ್ಟ್ ತನ್ನ ಅಪ್ಪನನ್ನೂ ತಂಗಿಯನ್ನೂ ಕರೆತಂದಳು. ಅಪ್ಪ ಮಿಲ್ಲಿನ ಮಗ್ಗಗಳ ನಡುವೆ ನಿಂತೂ ನಿಂತೂ ಕಿವಿ ಮಂದವಾದ ಮನುಷ್ಯ, ಮನೆಯಲ್ಲಿ ಅವರನ್ನು ಹೇಗಿದ್ದರೂ ಮೂರು ಸಲ ಕರೆಯಬೇಕಿತ್ತಂತೆ. ತಂಗಿ ಅಕ್ಕನ ಸೆರಗು ಬಿಡಲಿಲ್ಲ. ಎಲ್ಲರ ಬಾಯಿ ನೋಡುತ್ತ, ತಲೆಯನ್ನು ಒಂದಿಷ್ಟು ವಾಲಿಸಿಕೊಂಡು ನಿಂತಿದ್ದಳು. ನಾನು ಗೋಡೆಯ ವಿಷಯ ವಿವರಿಸಿದೆ. ಅವರಪ್ಪ ಕೊನೆವರೆಗೂ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಸರಿ ಮೇಡಂ. ಅವತ್ತು ಕರ್ದಿದ್ದು ಯಾರು?"

"ದನ ಕಾಯೋ ಹುಡುಗ್ರು ಅಂದ್ಬಿಡಿ ಅಕ್ಕ," ಎಂದು ಗುಮಾಸ್ತ ನನ್ನ ಹಿಂದಿನಿಂದ ಉಸುರಿದ.

ಅಂದುಬಿಡಬಹುದಿತ್ತು. ಆ ಮುಖದ ಎದುರು ನಾಲಿಗೆ ಹೊರಳಲಿಲ್ಲ. "ಗೊತ್ತಿಲ್ಲ ಯಜಮಾನ್ರೇ," ಎಂದೆ.

"ಗೊತ್ತಿಲ್ದೆ ಇಷ್ಟು ದೂರ ಯಾಕೆ ಕರ್ಸಿದ್ರಿ?" ಎಂದು ಅವರು ಮುಖ ತಿರುಗಿಸಿದರು. ಬಂದಾಯಿತಲ್ಲ ಎಂದು ಗೋಡೆಯ ಹತ್ತಿರ ನಿಲ್ಲಲು ಮಾತ್ರ ಒಪ್ಪಿಕೊಂಡರು. ದೊಡ್ಡ ಮಗಳು ಆ ತುದಿಗೆ ಹೋಗಿ ಮಾಮೂಲಿ ದನಿಯಲ್ಲಿ "ಅಪ್ಪಾ" ಎಂದು ಕರೆಯಬೇಕು, ಅವರು ಈ ತುದಿಯಲ್ಲಿ ಕೇಳಿಸಿಕೊಳ್ಳಬೇಕು ಎಂದು ಏರ್ಪಾಡು. ಮೂರನೇ ಸಲದವರೆಗೆ ಬಾಯಿ ಬಿಡುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟು ಬಂದಿದ್ದೇನೆ ಎಂದರು. ಚಿಕ್ಕವಳು ಸೆರಗು ಹಿಡಿದುಕೊಂಡೇ ಅಕ್ಕನ ಹಿಂದೆ ಹೋದಳು. ಇಬ್ಬರೂ ದಿಬ್ಬದಾಚೆ ಮರೆಯಾದರು.

ಬಿಸಿಲು ಸುಯ್ಯೆನ್ನುತ್ತಿತ್ತು. ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ಅಪ್ಪಾ."

ಕಲ್ಲೇ ಆಡಿದ ಹಾಗೆ ಬಂತು. ಅದು ಟೈಪಿಸ್ಟ್ ಹುಡುಗಿಯ ದನಿಯಲ್ಲ. ಸಣ್ಣದು, ಒಣಗಿದ್ದು, ಬಹಳ ದಿನ ಮುಚ್ಚಿಟ್ಟಿದ್ದ ಬಾಯಿಂದ ಬಂದದ್ದು. ಆ ಮಗುವಿನ ದನಿಯನ್ನು ನಾನು ಎಂದೂ ಕೇಳಿರಲಿಲ್ಲ, ಹಾಗಾಗಿ ಅದು ಯಾರದೆಂದು ಹೇಳಲು ನನ್ನಿಂದ ಸಾಧ್ಯವೇ ಇರಲಿಲ್ಲ. ನಾನು ಅವರ ಮುಖ ನೋಡಿದೆ.

"ಓ!" ಎಂದರು ಅವರು. ಎರಡನೆಯದಕ್ಕೂ ಕಾಯಲಿಲ್ಲ. "ಓ ಮಗಳೇ, ಓ..." ಎನ್ನುತ್ತ ಹಣೆಯನ್ನು ಗೋಡೆಗೆ ಒತ್ತಿದರು.

"ಅವತ್ತು ನಾನು ಓ ಅಂದೆ ಅಪ್ಪ," ಎಂದಿತು ಗೋಡೆ. "ಪುಟ್ಟ ಮತ್ತೆ ಕರೀಲೇ ಇಲ್ಲ. ಮಾತಾಡ್ತಾ ಇದ್ರೆ ಕೇಳ್ಸಲ್ಲ ಅಂತ ಸುಮ್ನೆ ಇದ್ದೆ."

ಎರಡು ತಿಂಗಳಿಂದ ಆ ಹುಡುಗಿಯ ದನಿಯನ್ನು ಯಾರೂ ಕೊಂಡೊಯ್ದಿರಲಿಲ್ಲ. ಉಳಿದೆರಡು ಸಲ ಕರೆದರೆ ತಪ್ಪಿಹೋಗಬಾರದೆಂದು ಅವಳು ಕಿವಿಗೊಟ್ಟು ಕೂತಿದ್ದಳು. ಅದಕ್ಕೆ ನಾವು ಹುಣಿಸೆ ಬರಲು ಸಿದ್ಧ ಮಾಡಿಟ್ಟಿದ್ದೆವು. ನನಗೆ ಅಳು ಬಂತು, ಅತ್ತುಬಿಟ್ಟೆ.

"ಅವನು ಇನ್ನು ಕರಿಯಲ್ಲ ಕಂದಾ," ಎಂದು ಅವರು ಗೋಡೆಗೆ ಹೇಳಿದರು. "ನಾನು ಕರೀತೀನಿ. ನೀನು ಓ ಅನ್ನು." ಹೆಸರು ಹಿಡಿದು ಕರೆದರು. "ಓ" ಎಂದು ಬಂತು. ಅವರು ಸುಮ್ಮಸುಮ್ಮನೆ ಮತ್ತೆ ಮತ್ತೆ ಕರೆದರು.

ಹೊರಡುವಾಗ, ಮಾಗಡಿ ರೋಡಿನ ಕಡೆ ಇನ್ನು ತಲೆ ಹಾಕುವುದಿಲ್ಲ ಎಂದು ಅವರಾಗಿಯೇ ಹೇಳಿದರು. ನಾಲ್ವರೂ ಬದುವಿನ ಮೇಲೆ ಮುಂದೆ ಮುಂದೆ ನಡೆದರು. ನಾನು ಮರೆತ ಡಬ್ಬಿಗಾಗಿ ಹಿಂದೆ ಬಂದು ಗೋಡೆಯ ಬುಡದಲ್ಲಿ ಬಗ್ಗಿದೆ. ಅಲ್ಲಿಂದ ಅವರ ನಾಲ್ಕೂ ಬೆನ್ನುಗಳು ಕಾಣುತ್ತಿದ್ದವು.

"ಅಕ್ಕಾ."

ಕಿವಿಯ ಪಕ್ಕದಲ್ಲೇ. ಪುಟ್ಟ ಮಗುವಿನ ದನಿ. ಬಾಗಿದ ಗೋಡೆ, ಕಟ್ಟೆ, ಕಾಲುದಾರಿ, ಎಲ್ಲ ನನಗೆ ಗೊತ್ತಿತ್ತು. ಆದರೂ ತುಟಿಗೆ ತುಟಿ ಅಂಟಿಕೊಂಡಿತು. ನಮ್ಮ ಅಜ್ಜಿ ನನ್ನೊಳಗೆ ಎದ್ದು ಕೂತು ಬೇಡ ಬೇಡ ಎನ್ನುತ್ತಿದ್ದರು. ಕಾನೂನು ಮಾಡಿದವಳು ನಾನೇ ಅಲ್ಲವೇ?

"ಓ," ಎಂದೆ, ಗಟ್ಟಿಯಾಗಿ.

ಮತ್ತೆ ಕರೆಯಲಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ಕಾದೆ. ಆಮೇಲೆ ನಾನು ಓಡಿದೆ ಎಂದು ಗುಮಾಸ್ತ ಬಹಳ ದಿನ ಆಡಿಕೊಂಡ. ಓಡಲಿಲ್ಲ, ಬೇಗ ನಡೆದೆ.

ಕೆಂಗೇರಿಯಲ್ಲಿ ಬಸ್ಸು ಹತ್ತಿದಾಗ ಚಿಕ್ಕವಳು ಅಪ್ಪನಿಗೂ ನನಗೂ ನಡುವೆ ಕೂತಳು. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಮೆಲ್ಲಗೆ ಕೇಳಿದಳು.

"ಮೇಡಂ, ನಿಮಗೂ ಒಂದೇ ಸಲಾನಾ?"

"ಹೂಂ ಕಣೇ," ಎಂದೆ. "ಒಂದೇ ಸಲ."

ಅವಳು ತಲೆಯಾಡಿಸಿದಳು. ಆಮೇಲೆ ಅಪ್ಪನ ಕಿವಿಗೆ ಬಾಯಿಟ್ಟು ಮಾತು ಶುರುಮಾಡಿದವಳು ಬಿನ್ನಿಪೇಟೆ ಬರುವವರೆಗೂ ನಿಲ್ಲಿಸಲಿಲ್ಲ.