ಯುನ್‌ಷಿಯಾಳ ಸಮಾಧಿಗಲ್ಲು

ಚೀನಾದ ಹುಯಿಝೌ ಸೀಮೆಯಲ್ಲಿ ಯಾರು ಸತ್ತರೂ ಸಮಾಧಿಗಲ್ಲಿನ ಬರಹಕ್ಕೆ ಜನ ನಮ್ಮ ಓಣಿಯ ಫಾಂಗ್ ಮೇಷ್ಟರ ಬಾಗಿಲಿಗೇ ಬರುತ್ತಿದ್ದರು. ಎರಡು ಸಾವಿರ ವರ್ಷದ ಹಿಂದಿನ ಜ್ಞಾನಿಗಳ ಗದ್ಯ ಅವರಿಗೆ ಬಾಯಿಪಾಠ. ಆ ಗಿಡ್ಡ ವಾಕ್ಯಗಳು, ಒಂದಕ್ಕೊಂದು ಮರುನುಡಿಯುವ ಜೋಡಿಮಾತುಗಳು ಅವರ ಕುಂಚದಿಂದಲೂ ಹಾಗೆಯೇ ಇಳಿಯುತ್ತಿದ್ದವು.

ಹೆಂಡತಿ ಯುನ್‌ಷಿಯಾ ತೀರಿಕೊಂಡಾಗ ಅವಳ ಕಲ್ಲಿಗೂ ಬರೆದರು. ಮಗಳು ಸುಚಿನ್ ಓದಿದಳು.

"'ಮಾತು ಕಡಿಮೆ, ಆದ್ದರಿಂದ ಆಳ. ಆಸೆ ಕಡಿಮೆ, ಆದ್ದರಿಂದ ನಿಶ್ಚಲ.' ಇದ್ಯಾರಪ್ಪಾ? ಅಮ್ಮ ಯಾವತ್ತು ಬಾಯಿ ಮುಚ್ಕೊಂಡಿದ್ಲು?"

ಮೇಷ್ಟರು ಮತ್ತೆ ಬರೆದರು. ಹೆಂಡತಿಯ ಬೈಗುಳ, ನಗು ಎಲ್ಲ ನೆನೆದು ಕುಂಚ ಹಿಡಿದರೂ ಹಾಳೆಯ ಮೇಲೆ ಮಾತಾಡುತ್ತಿದ್ದವರು ಆ ಜ್ಞಾನಿಗಳೇ.

"ಅವ್ರು ನನ್ನ ಕೈ ಬಿಡ್ತಿಲ್ಲ ಕಣಮ್ಮ," ಎಂದು ಕುಂಚ ಕೆಳಗಿಟ್ಟರು.

"ಹಾಗಾದ್ರೆ ಬರೀಬೇಡ. ಅಮ್ಮ ದಿನಾ ಏನು ಕೂಗ್ತಿದ್ಲೋ ಅದನ್ನ ಹೇಳು, ನಾನು ಬರ್ಕೋತೀನಿ."

ಮೇಷ್ಟರು ಕಣ್ಣು ಮುಚ್ಚಿ ಹೇಳಿದರು: "ಏ ಮುದುಕಾ, ಗಂಜಿ ಆರ್ತದೆ, ಬಾರೋ!"

ಅದನ್ನೇ ಕೆತ್ತಿಸಿದರು. ಊರು ನಕ್ಕಿತು. ಆದರೆ ವಸಂತದಲ್ಲಿ ಹಿರಿಯರ ಸಮಾಧಿ ಗುಡಿಸುವ ಹಬ್ಬ ಬಂದಾಗ ಮೇಷ್ಟರು ಸಮಾಧಿಯಿದ್ದ ಗುಡ್ಡದ ಬುಡದಲ್ಲೇ ನಿಂತುಬಿಟ್ಟರು.

"ನೀನೇ ಹೋಗಿ ಬಾ ಸುಚಿನ್. ನಾನು ಹೋದ್ರೆ ವಾಪಸ್ ಬರಲ್ಲ. ಕರೀತಾ ಇದ್ದಾಳೆ."