ನನ್ನ ಸಾಕ್ಷಿ, ಗೆಳೆಯನ ಬಾಯಲ್ಲಿ

ಸರಕಾರಿ ನೌಕರರಿಗೆ ರಾಜ್ಯ ಕೊಡುವ ದೊಡ್ಡ ಸೇವಾ ಗೌರವಕ್ಕೆ ನನ್ನ ಹೆಸರು ಕಳಿಸಬೇಕು ಎಂದು ಮೊದಲು ಹೇಳಿದವನು ನನ್ನ ಗೆಳೆಯನೇ. ಆಗ ನಾನು ಗಡಿಯಾಚೆ ಮರಾಠಿ ಸೀಮೆಯ ಉಮರ್ಗಾದ ದನದ ದವಾಖಾನೆಯಲ್ಲಿ ಡಾಕ್ಟರರ ಕೈಕೆಳಗೆ ಸೂಜಿ-ಔಷಧ ನೋಡುವ ಮೇಲ್ವಿಚಾರಕ, ಅವನು ಅದೇ ಕಟ್ಟಡದ ಕಚೇರಿಯಲ್ಲಿ ಗುಮಾಸ್ತ. ಉದಗೀರದಲ್ಲಿ ಒಂದೇ ಕೋಣೆಯಲ್ಲಿದ್ದು ಓದಿದವರು ನಾವು. ನಮ್ಮದು ಕಿರಾಣಿ ಅಂಗಡಿಯ ಮನೆ, ಅವನದು ಬಟ್ಟೆ ಅಂಗಡಿಯ ಮನೆ. ಇಬ್ಬರಿಗೂ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ನನ್ನ ಮರಾಠಿ ಅಂಗಡಿಯ ಮಟ್ಟಕ್ಕೇ ನಿಂತಿತು. ಅವನದು ವೇದಿಕೆ ಏರುವಷ್ಟು ಬೆಳೆಯಿತು.

"ನೀ ಮಾಡಿದಂಥಾ ಕೆಲಸ ಯಾರ ಮಾಡ್ಯಾರೋ? ನೀ ಸುಮ್ಮ ಕೂಡು, ನಾ ಬರೀತೀನಿ," ಎಂದ. ಬರೆದ ಕೂಡ. ಓದಿ ತೋರಿಸಿದಾಗ ನನ್ನ ಕಣ್ಣು ಒದ್ದೆಯಾದವು.

ಆ ಕೆಲಸ ಹಿಂದಿನ ಮಳೆಗಾಲದ್ದು. ಯೆಣೆಗೂರದ ಆಚೆ ಕುರಿಹಟ್ಟಿಗಳಲ್ಲಿ ಬೇನೆ ಬಿತ್ತು. ಬಾಯಿ ಹುಣ್ಣಾಗಿ, ಭೇದಿ ಹತ್ತಿ ಕುರಿಗಳು ಸಾಯತೊಡಗಿದವು. ದಿನಾ ಬೆಳಗ್ಗೆ ಅವು ಮೇಯಲು ಹೊರಡುವ ಮೊದಲೇ ಲಸಿಕೆ ಹಾಕಬೇಕಾಗಿದ್ದರಿಂದ ನಾನು ಹಟ್ಟಿಯಲ್ಲೇ ಉಳಿದೆ. ಹಟ್ಟಿಯ ದೇವರು ಬೀರಪ್ಪನ ಅರಿಶಿನ ಭಂಡಾರ ಹಚ್ಚಿದರೆ ಸಾಕು ಎನ್ನುತ್ತಿದ್ದವರ ನಡುವೆ ಒಬ್ಬ ಮುದುಕಿ ಎದ್ದು, "ಭಂಡಾರಾನೂ ಇರ್ಲಿ, ಸೂಜೀನೂ ಇರ್ಲಿ. ಮೊದಲ ನನ್ನ ಕುರಿಗಿ ಹಾಕಪ್ಪ," ಎಂದಳು. ಆಮೇಲೆ ಉಳಿದವರೂ ಬಂದರು. ಆಕೆಯ ಬಾಯಲ್ಲಿ ನಾನು 'ಡಾಕ್ಟರ್ ಸಾಹೇಬ' ಆದೆ. ನಾನು ಡಾಕ್ಟರ್ ಅಲ್ಲ ಎಂದು ಎಷ್ಟು ಹೇಳಿದರೂ, "ಸೂಜಿ ಹಾಕಾಂವ ಡಾಕ್ಟರ್ ಅಲ್ದ ಮತ್ತ್ಯಾರು?" ಎಂದು ನಗುತ್ತಿದ್ದಳು.

ನಿಜವಾದ ಡಾಕ್ಟರ್, ನಮ್ಮ ಅಧಿಕಾರಿ, ಒಮ್ಮೆ ಜೀಪಿನಲ್ಲಿ ಬಂದು ಡಾಂಬರು ರಸ್ತೆಯ ಮೇಲೇ ನಿಂತು ಫೋಟೊ ತೆಗೆಸಿಕೊಂಡು ಹೋಗಿದ್ದರು. ದೂರದ ಜಿಲ್ಲೆಯವರು, ಕನ್ನಡ ಒಂದಕ್ಷರ ಬಾರದು. ಅದೇ ಗೌರವಕ್ಕೆ ಅವರು ತಮ್ಮ ಹೆಸರನ್ನೂ ಕಳಿಸಿದ್ದಾರೆಂದು ಗೊತ್ತಾದಾಗ ಗೆಳೆಯ, "ಸಾಹೇಬರು ಎಲ್ಲಾದಕ್ಕೂ ಹೆಸರ ಕಳಸ್ತಾರ, ಬಿಡು," ಎಂದ. ನಾನು ಬಿಟ್ಟೆ.

ಪರಿಶೀಲನೆಗೆ ಸಮಿತಿ ಬಂತು. ಹಟ್ಟಿಯಿಂದ ಆ ಮುದುಕಿಯನ್ನು ಕರೆಸಿದರು. ಸಮಿತಿಯವರಿಗೆ ಕನ್ನಡ ಬಾರದು, ಆಕೆಗೆ ಮರಾಠಿ ಅಷ್ಟಕ್ಕಷ್ಟೇ. ದುಭಾಷಿಯಾಗಿ ನನ್ನ ಗೆಳೆಯ ಕೂತ. ಗೌರವಕ್ಕೆ ಹೆಸರು ಕಳಿಸಿದವನು ಒಳಗಿರಬಾರದು ಎಂದು ನನ್ನನ್ನು ಹೊರಗೆ ಕೂರಿಸಿದರು. ಅಧಿಕಾರಿ ಮಾತ್ರ ಕಚೇರಿಯ ಯಜಮಾನರೆಂಬ ಲೆಕ್ಕದಲ್ಲಿ ಒಳಗೇ ಇದ್ದರು. ನಾನು ಕೂತ ಬೆಂಚಿನ ಮೇಲೇ ಕಿಟಕಿ ತೆರೆದಿತ್ತು.

ಮುದುಕಿ ಹೇಳುತ್ತಿದ್ದಳು: "ಡಾಕ್ಟರ್ ಸಾಹೇಬ ನಮ್ಮ ಹಟ್ಟಿನಾಗೇ ಇದ್ದಾನ್ರೀ. ನಮ್ಮ ರೊಟ್ಟಿ, ಖಾರ ಉಂಡಾನ. ಮಳ್ಯಾಗ ತೊಯ್ಸಿಕೊಂಡು ಸೂಜಿ ಹಾಕ್ಯಾನ. ಹೊಟ್ಟಿ ಮಗಾನೂ ಹಂಗ ಮಾಡಾಂಗಿಲ್ಲ."

ಗೆಳೆಯ ಮರಾಠಿಯಲ್ಲಿ ಹೇಳಿದ: "ಸಾಹೇಬ ಸ್ವತಃ ಆಲೇ ಹೋತೇ." ಸಾಹೇಬರು ಸ್ವತಃ ಬಂದಿದ್ದರು.

ಯಾವ ಸಾಹೇಬರು, ಇವರೇ? ಎಂದು ಒಬ್ಬ ಸದಸ್ಯರು ಅಧಿಕಾರಿಯನ್ನು ತೋರಿಸಿ ಕೇಳಿದರು. "ಹೋ, ಹೇಚ್," ಎಂದ ಗೆಳೆಯ. ಹೌದು, ಇವರೇ.

ಬಾಯಿ ತಪ್ಪಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಸದಸ್ಯರು, ಹಾಗಾದರೆ ಈ ಮೇಲ್ವಿಚಾರಕರು ಏನು ಮಾಡಿದರು ಎಂದು ಕೇಳಿದರು. ಗೆಳೆಯ ಮುದುಕಿಯ ಕಡೆ ತಿರುಗಿ, "ಔಷಧದ ಡಬ್ಬಿ ಯಾರ ಹೊತಗೊಂಡ ಬಂದಿದ್ರು ಆಯಿ?" ಎಂದ.

"ಅದೂ ಅಂವನೇ ಹೊತ್ತಾನ."

ಮೇಲ್ವಿಚಾರಕರು ಔಷಧದ ಡಬ್ಬಿ ಹೊತ್ತು ತಂದಿದ್ದರಂತೆ, ಎಂದು ಅವನು ಮರಾಠಿಯಲ್ಲಿ ಮುಗಿಸಿದ.

ಬಾಯಿ ತಪ್ಪಿದ್ದಲ್ಲ. ನಾನು ಎದ್ದು ಒಳಗೆ ಹೋದೆ. ಆಕೆ ಹೇಳುತ್ತಿರುವುದು ನನ್ನ ವಿಷಯ ಎಂದು ಹೇಳಲು ಹೋದರೆ ಮರಾಠಿ ತೊದಲಿತು. ಸಮಿತಿಯ ಅಧ್ಯಕ್ಷರು ಚಷ್ಮಾ ತೆಗೆದು, ನಿಮ್ಮನ್ನು ನೀವೇ ಹೊಗಳಿಕೊಳ್ಳಲು ಬಂದಿರಾ ಎಂದರು. ಮುದುಕಿ ಮಾತ್ರ ನನ್ನನ್ನು ಕಂಡು ಹಿಗ್ಗಿ ಕೈ ತೋರಿಸಿದಳು: "ಇಂವನೇ ನೋಡ್ರೀ, ನಮ್ಮ ಡಾಕ್ಟರ್ ಸಾಹೇಬ!"

ಏನು ಹೇಳುತ್ತಿದ್ದಾರೆ ಎಂದು ಅಧ್ಯಕ್ಷರು ಕೇಳಿದರು.

"ಇವರ ಪರಿಚಯವಿದೆ ಅನ್ನುತ್ತಿದ್ದಾರೆ," ಎಂದು ಮರಾಠಿಯಲ್ಲಿ ಹೇಳಿದ ಗೆಳೆಯ, ನನಗೆ ಕನ್ನಡದಲ್ಲಿ ಸಣ್ಣ ದನಿಯಲ್ಲಿ, "ಹೊರಗ ನಡಿ. ಇನ್ನಾ ಕೆಡಸ್ಕೋಬ್ಯಾಡ," ಎಂದ. ಜವಾನ ಬಂದು ನನ್ನ ತೋಳು ಹಿಡಿದ.

ಅಂದು ಸಂಜೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅವನನ್ನು ಹಿಡಿದು ಕೂರಿಸಿದೆ. ಅವನು ಸುಳ್ಳು ಹೇಳಲಿಲ್ಲ. ಅವನ ಹೆಂಡತಿಗೆ ಉದಗೀರದ ಕಾಲೇಜಿನಲ್ಲಿ ನೌಕರಿ. ಮದುವೆಯಾದಾಗಿನಿಂದ ಅವಳು ಅಲ್ಲಿ, ಇವನು ಇಲ್ಲಿ. "ಸಾಹೇಬರು ಉದಗೀರಕ್ಕ ಬದಲಿ ಮಾಡಸ್ತೀನಿ ಅಂದಾರ. ನಾ ಏನ ಮಾಡ್ಲಿ?"

"ನನಗ ಹೇಳಿದ್ರ ನಾನೇ ಹೆಸರ ವಾಪಸ್ ತಗೋತಿದ್ನಲ್ಲೋ."

"ನಿನ್ನ ಹೆಸರ ಇದ್ದಿದ್ದಕ್ಕೇ ಸಾಹೇಬರಿಗಿ ನಾ ಬೇಕಾದೆ," ಎಂದ. ಆಮೇಲೆ, "ಅಲ್ಲಾ, ನೀ ಆ ಪದಕ ತಗೊಂಡು ಏನ ಮಾಡ್ತಿದ್ದಿ? ಕುರಿ ಕೊಳ್ಳಾಗ ಕಟ್ತಿದ್ದೇನು?" ಎಂದು ನಕ್ಕ. ಎಂದಿನಂತೆ ನಾನೂ ನಗುತ್ತೇನೆಂದು ನನ್ನ ಮುಖ ನೋಡುತ್ತ ಕಾದ. ಅವನು ಮಾಡಿದ್ದಕ್ಕಿಂತ ಹಾಗೆ ಕಾದದ್ದು ನನಗೆ ಹೆಚ್ಚು ಚುಚ್ಚಿತು. ಚಹಾ ಬಿಟ್ಟು ಎದ್ದು ಬಂದೆ.

ಗೌರವ ಅಧಿಕಾರಿಗೆ ಸಿಕ್ಕಿತು. ಉದಗೀರದಲ್ಲಿ ಅವರಿಗೆ ಸನ್ಮಾನ ಸಮಾರಂಭ ಇಟ್ಟುಕೊಂಡರು. ಅಷ್ಟರಲ್ಲಿ ಅಲ್ಲಿಗೆ ಬದಲಿಯಾಗಿದ್ದ ಗೆಳೆಯನೇ ನಿರೂಪಕ. ಹಟ್ಟಿಯ ಜನರನ್ನು ಕರೆತರಬೇಕೆಂದು ನನಗೇ ಆದೇಶ ಬಂತು. ಹೋಗಿ ಮುದುಕಿಗೆ ನಡೆದದ್ದೆಲ್ಲ ಹೇಳಿದೆ. ಆಕೆ ಬಿಡಿಸುತ್ತಿದ್ದ ಉಣ್ಣೆಯನ್ನು ಪಕ್ಕಕ್ಕಿಟ್ಟಳು.

"ನನ್ನ ಬಾಯಿ ತಗೊಂಡೇ ನಿನ್ನ ಮನಿ ಮುರದ್ರಲ್ಲೋ ಮಗಾ," ಎಂದಳು. "ನೀ ಹೋಗಂದ್ರೂ ನಾ ಹೋಗಾಂಗಿಲ್ಲ."

ಹಟ್ಟಿಯಿಂದ ಒಬ್ಬರೂ ಹೋಗಲಿಲ್ಲ. ಅದಕ್ಕೆ ನನಗೆ ನೋಟಿಸ್ ಬಂತು. ಉತ್ತರ ಬರೆದುಕೊಟ್ಟು, ಜೊತೆಗೆ ಬದಲಿಗೂ ಅರ್ಜಿ ಹಾಕಿದೆ.

ಈಗ ನಿಲಂಗಾದಲ್ಲಿದ್ದೇನೆ. ಗೆಳೆಯ ಗೃಹಪ್ರವೇಶಕ್ಕೆ ಕರೆದಿದ್ದ. ನನ್ನ ಹೆಂಡತಿ ಹೋಗಿಬಂದಳು, ನಾನು ಹೋಗಲಿಲ್ಲ. ಈ ವರ್ಷ ಇಲ್ಲಿಯ ಅಧಿಕಾರಿ, ಅವರು ಒಳ್ಳೆಯವರು, ಆ ಗೌರವಕ್ಕೆ ನನ್ನ ಹೆಸರು ಕಳಿಸಲೇ ಎಂದು ಕೇಳಿದರು. ಬೇಡ ಸರ್ ಎಂದೆ. ಎಲ್ಲರನ್ನೂ ಕರೆದು, ವಿನಯ ಅಂದರೆ ಹೀಗಿರಬೇಕು ಎಂದು ಹೊಗಳಿದರು. ಅದು ವಿನಯವಲ್ಲ ಎಂದು ಅವರಿಗೆ ಬಿಡಿಸಿ ಹೇಳುವ ಮನಸ್ಸಾಗಲಿಲ್ಲ.